ಮಸ್ಟರಿಗೆ ಸೇರದ ಕಾಗೆ

ಅಡುಗೆಮನೆಯ ಮೂಲೆಯಿಂದ ಪುಟ್ಟಬಾಳೆ ಕಳಿತ ವಾಸನೆ ಬೆಳಿಗ್ಗೆಯಿಂದ ಮನೆಯೆಲ್ಲ ಹಬ್ಬಿಕೊಂಡಿದೆ. ಬೇರೆಯವರ ಮನೆಯಲ್ಲಿ ಈ ವಾಸನೆ ಬಂದರೆ ಗೊನೆಯನ್ನು ಎತ್ತಿ ದನಕ್ಕೆ ಹಾಕುತ್ತಾರೆ. ನಮ್ಮ ಮನೆಯಲ್ಲಿ ಈಗ ಹದವಾಯಿತು ಎಂದು ಅರ್ಥ. ಸಿಪ್ಪೆ ಕಪ್ಪಾಗಿ, ಮುಟ್ಟಿದರೆ ಬೆರಳು ಒಳಗೆ ಹೋಗುವಂತಾದ ಹಣ್ಣನ್ನೇ ಹಿತ್ತಲಿನ ಹಕ್ಕಿಗಳು ಇಷ್ಟಪಡುವುದು. ಒಮ್ಮೆ ನೆಂಟರೊಬ್ಬರು ಬಂದಾಗ ತಟ್ಟೆಯಲ್ಲಿ ಚೆನ್ನಾದ ಹಳದಿ ಹಣ್ಣು ಇಟ್ಟು, "ತಗೊಳ್ಳಿ, ಇದು ಹಕ್ಕಿಗೆ ಇನ್ನೂ ಆಗ್ಲಿಲ್ಲ" ಎಂದುಬಿಟ್ಟಿದ್ದೆ. ಉಪಚಾರದ ಮಾತು ಎಂದೇ ನಾನು ತಿಳಿದಿದ್ದೆ. ಅವರು ಆಮೇಲೆ ನಮ್ಮ ಮನೆಗೆ ಬಂದದ್ದು ನೆನಪಿಲ್ಲ.

ನಮ್ಮ ಮನೆ ಬಣಕಲ್‌ನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮುಂದೆ ಬಸ್ಸು ಲಾರಿಗಳ ಸದ್ದು, ಹಿಂದೆ ಹಿತ್ತಲು, ಹಿತ್ತಲಿನಾಚೆ ಯಾರದೋ ಕಾಫಿ ತೋಟ. ನಾನು ಹಿಂದಿನ ಕಿಟಕಿಯ ಹತ್ತಿರ ಹೊಲಿಗೆ ಮಿಷನ್ ಇಟ್ಟುಕೊಂಡು ಊರವರ ರವಿಕೆ ಹೊಲಿಯುತ್ತೇನೆ. ಕಿಟಕಿಯ ಎದುರಿಗೇ ಒಂದು ಸಿಲ್ವರ್ ಓಕ್ ಕಂಬ. ಕಂಬದ ತಲೆಯ ಮೇಲೆ ಅಂಗಾತ ಕೂರಿಸಿ ಮೊಳೆ ಹೊಡೆದ, ಹಳೆಯ ಕಾರಿನ ವೀಲ್ ಕಪ್, ಅಂದರೆ ಚಕ್ರದ ಮೇಲಿನ ತಟ್ಟೆಯಂಥ ಮುಚ್ಚಳ. ಹಕ್ಕಿಗಳಿಗೆ ಹಣ್ಣು, ಅನ್ನ ಇಡುವುದು ಅದರಲ್ಲಿ. ಅದನ್ನು ನೋಡುತ್ತಾ ಹೊಲಿಯುವ ಕಾರಣದಿಂದ ನಮ್ಮ ಸುತ್ತಮುತ್ತಲಿನ ಕೆಲವು ಹೆಂಗಸರ ರವಿಕೆಗಳಲ್ಲಿ ಎಡತೋಳು ಬಲಕ್ಕೂ ಬಲತೋಳು ಎಡಕ್ಕೂ ಇವೆ. ಇದುವರೆಗೆ ಯಾರೂ ಅದನ್ನು ದೊಡ್ಡದು ಮಾಡಿಲ್ಲ.

ಆ ಕಂಬ ನೆಟ್ಟವರು ನಮ್ಮ ಮಾವ. ನಮ್ಮವರ ತಂದೆ. ಅವರು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ದೂರದ ಊರಿನವರು ಇದನ್ನು ಕೇಳಿ ಪುಸ್ತಕ ಬರೆಯುವವರೆಂದು ತಿಳಿದು ಮಾವನಿಗೆ ವಿಶೇಷ ಮರ್ಯಾದೆ ಕೊಟ್ಟದ್ದುಂಟು. ಮಾವ ಅದನ್ನು ತಿದ್ದಲಿಕ್ಕೆ ಹೋಗುತ್ತಿರಲಿಲ್ಲ. ಎಸ್ಟೇಟಿನ ರೈಟರ್ ಎಂದರೆ ಬೆಳಿಗ್ಗೆ ಆಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಸರು ಕರೆಯುವವರು. ಅದಕ್ಕೆ ಮಸ್ಟರ್ ಎನ್ನುತ್ತಾರೆ. ಯಾರು ಬಂದರು, ಯಾರಿಗೆ ಯಾವ ಕೆಲಸ, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕು, ಎಲ್ಲ ಅಲ್ಲೇ ತೀರ್ಮಾನ. ಮಸ್ಟರಿನಲ್ಲಿ ಹೆಸರಿದ್ದವನಿಗೆ ಕೆಲಸ, ಇಲ್ಲದವನು ಮನೆಗೆ.

ನಿವೃತ್ತರಾಗಿ ಎಸ್ಟೇಟಿನ ಮನೆ ಬಿಟ್ಟು ಬಣಕಲ್ಲಿಗೆ ಬಂದಾಗ ಮಾವನಿಗೆ ಬೆಳಿಗ್ಗೆ ಎದ್ದು ಕರೆಯಲು ಹೆಸರುಗಳೇ ಇರಲಿಲ್ಲ. ಮೊದಮೊದಲು ನಮ್ಮ ಮೇಲೆಯೇ ಅಭ್ಯಾಸ ಮುಂದುವರಿಸಿದರು. ಕಾಫಿ ಕುಡಿದು ಜಗಲಿಯಲ್ಲಿ ನಿಂತು, "ನಿಂಗೆ ಇವತ್ತು ಎಲ್ಲಿ?" ಎಂದು ನನ್ನನ್ನು ಕೇಳುತ್ತಿದ್ದರು.

"ಮಿಷನ್ ಹತ್ರ ಮಾವ."

"ಸರಿ."

ನಮ್ಮವರಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಅವರೂ ದಿನಾ ಅದನ್ನೇ ಹೇಳಿ ಹೋಗುತ್ತಿದ್ದರು. ಅತ್ತೆಯನ್ನು ಕೇಳಿದಾಗ ಮಾತ್ರ, "ಒಲೆ ಹತ್ರ. ಮದ್ವೆ ಆದಾಗಿಂದ ಅಲ್ಲೇ" ಎಂಬ ಉತ್ತರ ಬಂತು. ಆಮೇಲೆ ಮನೆಯೊಳಗಿನ ಮಸ್ಟರ್ ನಿಂತಿತು.

ಹಕ್ಕಿಗಳು ಸಿಕ್ಕಿದ್ದು ಆಗ. ಬೇಲಿಯಾಚೆ ಜೀಪು ರಿಪೇರಿ ಗ್ಯಾರೇಜು ಇಟ್ಟುಕೊಂಡಿರುವ ಹಮೀದಣ್ಣ ಒಂದು ದಿನ ಆ ವೀಲ್ ಕಪ್ಪನ್ನು, "ಎಂತಕ್ಕಾದ್ರೂ ಆಗ್ತದೆ ರೈಟ್ರೇ" ಎಂದು ಕೊಟ್ಟರು. ಗ್ಯಾರೇಜಿನವರು ಎಂತಕ್ಕೂ ಆಗದ ವಸ್ತುವನ್ನು ಕೊಡುವಾಗ ಹೇಳುವ ಮಾತು ಅದು. ಮಾವ ವಾರದೊಳಗೆ ಕಂಬ ನೆಟ್ಟು, ಕಪ್ ಕೂರಿಸಿ, ಹಣ್ಣು ಇಟ್ಟು, ಕಾಫಿ ಗಿಡದ ಕೋಲು ಹಿಡಿದು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು.

ನೀವು ಹಕ್ಕಿಗಳು ಉಣ್ಣುವುದನ್ನು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ. ಹಕ್ಕಿಗಳ ಬಗ್ಗೆ ನಮಗಿರುವ ಒಳ್ಳೆಯ ಅಭಿಪ್ರಾಯ ಅದರಿಂದ ಸ್ವಲ್ಪ ಕಡಿಮೆಯಾಗುತ್ತದೆ. ಕುಟ್ರು ಹಕ್ಕಿ ಎಂಬ ದಪ್ಪ ಕೊಕ್ಕಿನ ಹಸಿರು ಹಕ್ಕಿ ಬಂದರೆ ಸೀದಾ ಕಪ್ಪಿನ ನಡುವೆ ಕೂರುತ್ತದೆ. ತಿನ್ನುವುದು ಒಂದು ಹಣ್ಣಾದರೂ ಎಲ್ಲ ಹಣ್ಣಿಗೂ ಕಾಲು ತಾಗಿಸಿಕೊಂಡಿರುತ್ತದೆ. ಮೈನಾಗಳು ಗಂಡ ಹೆಂಡತಿ ಜೋಡಿಯಾಗಿ ಬಂದು, ಬೇರೆಯವರೊಂದಿಗೆ ಜಗಳ ಮುಗಿದ ಮೇಲೆ ತಮ್ಮೊಳಗೆ ಆಡುತ್ತವೆ. ಹರಟೆಮಲ್ಲಗಳು ಗುಂಪಾಗಿ ನೆಲದ ಮೇಲೆ ಬಿದ್ದ ಅನ್ನ ಹೆಕ್ಕುತ್ತಾ ಇಡೀ ಹೊತ್ತು ದೂರು ಹೇಳುತ್ತಿರುತ್ತವೆ. ಮಡಿವಾಳ ಹಕ್ಕಿ ಏನೂ ತಿನ್ನದೆ ಬೇಲಿಯ ಮೇಲೆ ಕೂತು ಬಾಲ ಎತ್ತಿ ಇಳಿಸುತ್ತದೆ. ಮಾವ ಅದನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಇನ್ನು ತಲೆಯ ಮೇಲೆ ಚೂಪು ಜುಟ್ಟು, ಕೆನ್ನೆಗೆ ಕೆಂಪು ಚುಕ್ಕೆ ಇರುವ ಪಿಕಳಾರಗಳು. ಇವು ಮೊದಲು ಬರುತ್ತವೆ, ಯಾರು ಬಂದರೂ ಎದ್ದು ಜಾಗ ಬಿಡುತ್ತವೆ, ಎಲ್ಲರೂ ಹೋದ ಮೇಲೆ ಬಂದು ಸಿಪ್ಪೆ ನೋಡುತ್ತವೆ.

ಮಾವನಿಗೆ ಇದನ್ನು ಸಹಿಸಲಾಗಲಿಲ್ಲ. ಕೋಲಿನಿಂದ ಕಂಬಕ್ಕೆ ಟಕ್ ಎಂದು ತಟ್ಟಿ, "ಕುಟ್ರು, ನಿಂದಾಯ್ತು, ಇಳಿ" ಎನ್ನುತ್ತಿದ್ದರು. ಕುಟ್ರು ಹಾರುತ್ತಿತ್ತು. "ಪಿಕಳಾರ, ಬಾ." ಪಿಕಳಾರ ಕೂಡ ಆ ಸದ್ದಿಗೆ ಹೆದರಿ ಹಾರಿರುತ್ತಿತ್ತು. ಆದರೆ ನಿಧಾನವಾಗಿ ಏನೋ ಒಂದು ಒಪ್ಪಂದವಾಯಿತು. ಹಕ್ಕಿಗಳಿಗೆ ಕೋಲಿನ ಸದ್ದು ರೂಢಿಯಾಯಿತು, ಪಿಕಳಾರಗಳಿಗೂ ಹಣ್ಣು ಸಿಗತೊಡಗಿತು. ಮಾವನ ಮುಖದಲ್ಲಿ ಕೆಲಸಕ್ಕೆ ಹೋಗುವವರ ಗಾಂಭೀರ್ಯ ಮರಳಿತು.

ಕಾಗೆಗೆ ಮಾತ್ರ ಜಾಗವಿರಲಿಲ್ಲ. ಹಮೀದಣ್ಣನ ಮನೆಯಲ್ಲಿ ದಿನಾ ನಲ್ಲಿಯ ಹತ್ತಿರ ಮೀನು ತೊಳೆಯುತ್ತಿದ್ದರಿಂದ ಅವರ ಹಲಸಿನ ಮರದ ತುಂಬ ಕಾಡುಕಾಗೆಗಳು. ಒಂದು ಕಾಗೆ ಬಂತೆಂದರೆ ಉಳಿದ ಎಲ್ಲರ ಊಟ ಮುಗಿದಂತೆ. ಅದು ಕೂತು ತಿನ್ನುವುದಿಲ್ಲ, ಇಡೀ ಹಣ್ಣನ್ನು ಕಚ್ಚಿಕೊಂಡು ಹೋಗುತ್ತದೆ, ಮತ್ತೆ ಬರುತ್ತದೆ. ಕಾಗೆಯ ನೆರಳು ಕಂಡರೆ ಸಾಕು, ಮಾವ ಕೋಲು ಎತ್ತಿಕೊಂಡು ಎದ್ದುಬಿಡುತ್ತಿದ್ದರು. ಕೋಲು ಸಾಲದಿದ್ದರೆ ಕಲ್ಲು. ಕಲ್ಲು ಒಂದು ದಿನವೂ ಕಾಗೆಗೆ ತಾಗಲಿಲ್ಲ. ಹಮೀದಣ್ಣನ ಗ್ಯಾರೇಜಿನ ತಗಡಿನ ಶೀಟಿಗೆ ಹಲವು ಸಲ ತಾಗಿತು.

"ಕಾಗೆಗೂ ಹೊಟ್ಟೆ ಉಂಟಲ್ಲ ರೈಟ್ರೇ" ಎಂದು ಹಮೀದಣ್ಣ ಬೇಲಿಯಾಚೆಯಿಂದ ಹೇಳುತ್ತಿದ್ದರು.

"ಅದರ ಹೆಸರು ಮಸ್ಟರಲ್ಲಿ ಇಲ್ಲ ಮಾರಾಯ" ಎಂದು ಮಾವ ಈಚೆಯಿಂದ.

ಇಲ್ಲಿ ಮಾವನ ತಾಯಿಯ ವಿಷಯ ಹೇಳಬೇಕು. ಆ ಅಜ್ಜಿಯನ್ನು ನಾನು ನೋಡಿದವಳಲ್ಲ. ಕೊನೆಗಾಲದಲ್ಲಿ ಅವರು ಕಳಸದಲ್ಲಿ ಮಗಳ ಮನೆಯಲ್ಲಿದ್ದರು. ಮಾವನ ಅಕ್ಕನನ್ನು ನಾವೆಲ್ಲ ಕಳಸದಕ್ಕ ಎಂದೇ ಕರೆಯುವುದು. ಕಾಫಿ ಹಣ್ಣಿನ ಕೊಯ್ಲು ಭರದಿಂದ ನಡೆಯುತ್ತಿದ್ದ ಒಂದು ದಿನ ಕಳಸದಿಂದ ಹೇಳಿಕಳಿಸಿದರು, ಅಮ್ಮ ನಿನ್ನನ್ನು ಕೇಳುತ್ತಿದ್ದಾಳೆ, ಹೊರಟು ಬಾ ಎಂದು. ಬೆಳಿಗ್ಗೆಯ ಮಸ್ಟರ್ ಆಗಿತ್ತು. ಸಂಜೆ ಹಣ್ಣು ಅಳೆಸಿ ಹೊರಟರಾಯಿತು ಎಂದುಕೊಂಡರು ಮಾವ. ಹಣ್ಣು ಅಳೆಸಿ, ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಾಯಿಸಿ ಅವರು ತಲುಪುವಷ್ಟರಲ್ಲಿ ಅಜ್ಜಿಯ ಜೀವ ಹೋಗಿತ್ತು. "ಕೊನೇವರೆಗೂ ಬಾಗ್ಲು ನೋಡ್ತಿತ್ತು ಕಣೋ ಅಮ್ಮ" ಎಂದು ಕಳಸದಕ್ಕ ಪ್ರತಿ ವರ್ಷ ಒಂದು ಸಲ ಹೇಳುತ್ತಾರೆ. ಅವರು ಅದನ್ನು ಹೇಳುವುದು ಪಿತೃಪಕ್ಷದಲ್ಲಿ, ಅಜ್ಜಿಗೆ ಎಡೆ ಇಡುವ ದಿನ.

ಎಡೆ ಎಂದರೆ ನಿಮಗೆ ಗೊತ್ತು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಬಡಿಸಿ ಹೊರಗಿಟ್ಟು, ಮಗ ಕೈ ಮುಗಿದು ನಿಂತು ಕಾಗೆಯನ್ನು ಕರೆಯಬೇಕು. ಕಾಗೆ ಮುಟ್ಟಿದರೆ ಅವರು ಬಂದು ಉಂಡಂತೆ. ಮುಟ್ಟದಿದ್ದರೆ ಏನೋ ಮನಸ್ಸಿನಲ್ಲಿ ಉಳಿದಿದೆ ಎಂದು ಅರ್ಥ. ಎಸ್ಟೇಟಿನ ಮನೆಯಲ್ಲಿದ್ದಾಗ ಪ್ರತಿ ವರ್ಷ ಕಾಗೆ ಬರುತ್ತಿತ್ತಂತೆ. ಬಂದ ಕೂಡಲೇ ಮಾವ ಮೆಲ್ಲಗೆ "ಬಂದ್ಳು" ಎಂದು ಹೇಳಿ ಒಳಗೆ ಬಂದು, ಆ ಒಂದು ದಿನ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಣ್ಣುತ್ತಿದ್ದರು ಎಂದು ಅತ್ತೆ ಹೇಳುತ್ತಾರೆ. ತಾಯಿಗೆ ತನ್ನ ಮೇಲೆ ಸಿಟ್ಟಿಲ್ಲ ಎಂದು ಮಾವನಿಗೆ ತಿಳಿಯಲು ವರ್ಷಕ್ಕೆ ಇದೊಂದೇ ದಾರಿ ಇತ್ತು.

ಬಣಕಲ್ಲಿನ ಹಿತ್ತಲಿನಲ್ಲಿ ಮೊದಲ ಸಲ ಎಡೆ ಇಟ್ಟ ದಿನ ಕಳಸದಕ್ಕ ಹಿಂದಿನ ಸಂಜೆಯೇ ಬಂದಿದ್ದರು. ಅಕ್ಕಿ ಕಡುಬು, ಕೋಳಿ ಸಾರು, ಕಳಲೆ ಪಲ್ಯ, ಹುರಿದ ಒಣಮೀನು, ಲೋಟದಲ್ಲಿ ಬೆಲ್ಲದ ಕಾಫಿ. ಎಲ್ಲವನ್ನೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಲೆ ಹಾಕಿ ಬಡಿಸಿದೆವು. ಮಾವ ಹೆಗಲಿಗೆ ಶಲ್ಯ ಹಾಕಿಕೊಂಡು ಕೈ ಮುಗಿದು "ಕಾ, ಕಾ" ಎಂದರು. ಹಲಸಿನ ಮರದ ಕೊಂಬೆಯ ಮೇಲೆ ಕಾಗೆಗಳು ಸಾಲಾಗಿ ಕೂತು ನೋಡುತ್ತಿದ್ದವು. ಒಂದೂ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಣ್ಣಿಗೆ ಬಿತ್ತು, ಮುಗಿದ ಕೈಗಳ ಕೆಳಗೆ ಕಂಕುಳಲ್ಲಿ ಕಾಫಿ ಗಿಡದ ಕೋಲು ಇತ್ತು.

"ಮಾವ, ಕೋಲು" ಎಂದೆ.

ಅವರು ಅದನ್ನು ತೆಗೆದು ನನ್ನ ಕೈಗೆ ಕೊಟ್ಟು ಮತ್ತೆ ಕೈ ಮುಗಿದರು. ಕಾಗೆಗಳು ಅದನ್ನೂ ನೋಡಿದವು.

ಒಂದು ಅಳಿಲು ಬಂದು ಕಡುಬು ಮೂಸಿತು. "ಹಚಾ! ಅಮ್ಮ ಅಳಿಲಾಗಿ ಬರೋಳಲ್ಲ" ಎಂದು ಕಳಸದಕ್ಕ ಅದನ್ನು ಓಡಿಸಿದರು. ಕಾಗೆ ಬಾರದಿದ್ದರೆ ಹೋದವರ ಆಸೆ ಏನಿತ್ತೆಂದು ನೆನೆದು ಮಾತು ಕೊಡುವ ಪದ್ಧತಿ. "ಅಮ್ಮ, ವರ್ಷಕ್ಕೊಂದ್ಸಲ ಹೊರನಾಡಿಗೆ ಹೋಗಿ ಬರ್ತೀನಿ" ಎಂದರು ಮಾವ. ಕಾಗೆ ಬರಲಿಲ್ಲ. "ಅಕ್ಕನ ಹತ್ರ ಎದುರು ಮಾತಾಡಲ್ಲ." ಬರಲಿಲ್ಲ. "ಅಮ್ಮಂಗೆ ಹಿತ್ತಾಳೆ ಹಂಡೆ ಮೇಲೆ ಬಾಳ ಜೀವ" ಎಂದು ಕಳಸದಕ್ಕ ಮರದ ಕಡೆ ನೋಡುತ್ತಾ ಹೇಳಿದರು. "ಅದು ನಂಗೆ ಬರ್ಲಿ ಅಂತ ಇತ್ತೋ ಏನೋ." ಮಾವ ಅದಕ್ಕೂ ಒಪ್ಪಿ ಜೋರಾಗಿ ಹೇಳಿದರು. ಕಾಗೆ ಬರಲಿಲ್ಲ, ಹಂಡೆ ಮಾರನೆಯ ದಿನ ಕಳಸಕ್ಕೆ ಹೋಯಿತು.

ಹೊತ್ತು ಇಳಿದ ಮೇಲೆ ಎಡೆಯ ಕಡುಬನ್ನು ದಾರಿಯ ಹಸುವೊಂದಕ್ಕೆ ಕೊಟ್ಟು ಉಳಿದವರು ಉಂಡೆವು. ಮಾವ ಉಣ್ಣಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು, "ಸಿಟ್ಟು ಹೋಗಿಲ್ಲ ನೋಡು ಇನ್ನೂ" ಎಂದರು. ಅತ್ತೆ ತಟ್ಟೆ ಹಿಡಿದು ಅವರ ಎದುರು ನಿಂತರು.

"ನಿಮ್ಮಮ್ಮಂಗೆ ಎಂತ ಸಿಟ್ಟೂ ಇಲ್ಲ ಮಾರಾಯ್ರೆ. ಸಿಟ್ಟು ಕಾಗೆಗೆ. ವರ್ಷ ಪೂರ್ತಿ ಕಲ್ಲು ಹೊಡ್ದು ಒಂದಿನ ಊಟಕ್ಕೆ ಕರೆದ್ರೆ ಯಾರು ಬರ್ತಾರೆ?"

ನಮಗೆಲ್ಲ ಅದು ಬೆಳಿಗ್ಗೆಯೇ ಹೊಳೆದಿತ್ತು. ಹೇಳುವ ಧೈರ್ಯ ಇದ್ದದ್ದು ಅತ್ತೆಗೆ ಮಾತ್ರ.

ಮಾವ ಕ್ರಮ ಬಿಟ್ಟು ಏನನ್ನೂ ಮಾಡುವವರಲ್ಲ. ಮಾರನೆಯ ಬೆಳಿಗ್ಗೆಯಿಂದ ಕಾಗೆಯನ್ನು ಮಸ್ಟರಿಗೆ ಸೇರಿಸಿದರು. ಒಗೆಯುವ ಕಲ್ಲಿನ ಮೇಲೆ ಕಾಗೆಗೆ ಬೇರೆ ಊಟ, ಆಮೇಲೆ ಕಪ್ಪಿನಲ್ಲಿ ಉಳಿದವರಿಗೆ. ಆದರೆ ಮಾವ ಹಿತ್ತಲಿಗೆ ಇಳಿದರೆ ಸಾಕು, ಕಾಗೆಗಳು ಕೂಗಾಡಿ ಊರಿಗೆಲ್ಲ ಸುದ್ದಿ ಮಾಡುತ್ತಿದ್ದವು. ಅವರು ಕೈಯಲ್ಲಿ ಹಿಡಿದದ್ದು ಕೋಳಿಯ ತುಂಡು ಎಂದು ತಿಳಿಸುವ ಉಪಾಯವಿರಲಿಲ್ಲ. ಮುಖದ ಗುರುತು ಇಟ್ಟಿವೆ ಎಂದು ಯಾರೋ ಹೇಳಿದ್ದಕ್ಕೆ ಒಂದು ದಿನ ನಮ್ಮವರ ಹೆಲ್ಮೆಟ್ ಹಾಕಿಕೊಂಡು ಹೋದರು.

"ಎಂತ ರೈಟ್ರೇ, ಹಿತ್ಲಲ್ಲಿ ಬೈಕ್ ಕಲೀತಿದ್ದೀರಾ?" ಎಂದರು ಹಮೀದಣ್ಣ.

ಕಾಗೆಗಳು ಹೆಲ್ಮೆಟ್ಟಿಗೂ ಕೂಗಿದವು, ಅದರೊಳಗಿನ ನಡಿಗೆ ಅವಕ್ಕೆ ಗೊತ್ತಿತ್ತು. ಆದರೆ ಅದೇ ಊಟವನ್ನು ನಾನು ಇಟ್ಟರೆ ನನ್ನ ಬೆನ್ನು ತಿರುಗುವ ಮೊದಲೇ ಬಂದವು. ಅಂದರೆ ಹಿತ್ತಲಿನ ಮೇಲೆ ಅವಕ್ಕೆ ದ್ವೇಷವಿರಲಿಲ್ಲ. ಆಮೇಲೆ ಊಟ ಇಡುವ ಕೆಲಸ ನನಗಾಯಿತು. ಮಾವ ನನ್ನ ಮಿಷನ್ನಿನ ಪಕ್ಕದಲ್ಲಿ, ಕಿಟಕಿಯಿಂದ ಸ್ವಲ್ಪ ಹಿಂದೆ ಕೂತು ನೋಡುತ್ತಿದ್ದರು. ಕಾಗೆಗಳು ಕಲ್ಲಿನ ಮೇಲಿನದನ್ನೂ ತಿಂದು ಕಪ್ಪಿಗೂ ಬಂದು ಅಲ್ಲಿಯದನ್ನೂ ಎತ್ತುತ್ತಿದ್ದವು. ಪಿಕಳಾರಗಳು ದೂರದ ತಂತಿಯ ಮೇಲೆ ಕೂತಿರುತ್ತಿದ್ದವು. ಮಾವನ ಕೈ ಕೋಲಿನ ಕಡೆ ಹೋಗಿ ವಾಪಸು ಬರುವುದನ್ನು ನಾನು ಎಷ್ಟೋ ಸಲ ಕಂಡೆ. "ಎರಡೆರಡು ಮಸ್ಟರ್ ಹಾಕಿಸ್ಕೊಳ್ತಾವೆ" ಎಂದು ಗೊಣಗುತ್ತಿದ್ದರು. ತಾಯಿಗೋಸ್ಕರ ಒಬ್ಬ ಮನುಷ್ಯ ಇದಕ್ಕಿಂತ ದೊಡ್ಡ ವ್ರತ ಹಿಡಿದದ್ದನ್ನು ನಾನು ನೋಡಿಲ್ಲ.

ಮತ್ತೆ ಪಿತೃಪಕ್ಷ ಬಂತು, ಕಳಸದಕ್ಕ ಬಂದರು. ಹಂಡೆಯ ಸುದ್ದಿ ಯಾರೂ ಎತ್ತಲಿಲ್ಲ. ಎಲೆ ಬಡಿಸಿಯಾದ ಮೇಲೆ ಮಾವ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟರು.

"ಬಾರೋ, ಹೊತ್ತಾಯ್ತು" ಎಂದರು ಕಳಸದಕ್ಕ.

"ನಾನಿದ್ರೆ ಬರಲ್ಲ ಅಕ್ಕ."

"ಮಗ ನಿಂತು ಕರೀಬೇಕು ಕಣೋ. ನೀನಿಲ್ದೆ ಹ್ಯಾಂಗೆ?"

"ಹಿಂದಿನ್ಸಲನೂ ನಾನಿಲ್ದೇನೇ ಆಗಿದ್ದಲ್ವ" ಎಂದರು ಮಾವ.

ಅವರು ಹೋದ ವರ್ಷದ ಎಡೆಯ ಮಾತಾಡುತ್ತಿಲ್ಲ ಎಂದು ಕಳಸದಕ್ಕನಿಗೆ ತಕ್ಷಣ ತಿಳಿಯಿತು. ಅಷ್ಟು ವರ್ಷಗಳಲ್ಲಿ ಮಾವ ತಾಯಿ ತೀರಿಕೊಂಡ ದಿನದ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು. ಕಳಸದಕ್ಕ ಸೆರಗಿನಿಂದ ಮುಖ ಒರಸಿಕೊಂಡು, "ಹೋಗು ಹಂಗಾದ್ರೆ" ಎಂದರು. ಬಾಗಿಲು ನೋಡುತ್ತಿದ್ದ ಅಮ್ಮನ ಮಾತನ್ನು ಆ ವರ್ಷ ಅವರು ಹೇಳಲಿಲ್ಲ.

ಮಾವ ಬೇಲಿಯ ಸಂದಿನಲ್ಲಿ ದಾಟಿ ಹಮೀದಣ್ಣನ ಗ್ಯಾರೇಜಿಗೆ ಹೋದರು. ಅಲ್ಲಿ ಎಂಜಿನ್ ಇಳಿಸಿದ ಒಂದು ಜೀಪು ನಿಂತಿತ್ತು. ಅದರಲ್ಲಿ ಹತ್ತಿ, ನಮ್ಮ ಹಿತ್ತಲಿಗೆ ಬೆನ್ನು ಹಾಕಿ, ರಸ್ತೆ ನೋಡುತ್ತಾ ಕೂತರು. ಇಲ್ಲಿ ನಮ್ಮವರು ಕೈ ಮುಗಿದು ಕರೆದರು. ಹಲಸಿನ ಮರದಿಂದ ಒಂದು ಕಾಗೆ ಇಳಿಯಿತು. ಕಲ್ಲಿನ ಸುತ್ತ ಒಂದು ಸಲ ನಡೆದು, ಕಡುಬನ್ನು ಬಿಟ್ಟು, ಕೋಳಿಯನ್ನೂ ಬಿಟ್ಟು, ಒಣಮೀನು ಎತ್ತಿಕೊಂಡಿತು. ನಾನು ಓಡಿದೆ.

ಮಾವ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಪಕ್ಕದ ಜೀಪಿನ ಅಡಿಯಲ್ಲಿ ಮಲಗಿದ್ದ ಹಮೀದಣ್ಣ ಸ್ಪ್ಯಾನರಿನ ಸದ್ದು ನಿಲ್ಲಿಸಿದ್ದರು.

"ಬಂದ್ಳಾ?" ಎಂದರು ಮಾವ, ತಿರುಗದೆ.

"ಬಂದ್ರು ಮಾವ."

"ಮೊದ್ಲು ಎಂತ ತಿಂದ್ಳು?"

"ಒಣಮೀನು."

"ಹೂಂ. ಅದೇ. ಅವಳಿಗೆ ಅದೇ ಮೊದ್ಲು." ರಸ್ತೆಯ ಕಡೆಯೇ ನೋಡುತ್ತಾ, "ನೀನು ಹೋಗಮ್ಮ, ಇನ್ನೂ ಉಣ್ತಾ ಇರ್ಬಹುದು. ನಾನೀಗ್ಲೇ ಬಂದ್ರೆ ಎದ್ದು ಹೋಗ್ತಾಳೆ" ಎಂದರು.

ನನಗೆ ಅಳು ಬಂತು. ಬೇಲಿಯ ಸಂದಿನಲ್ಲಿ ನಿಂತು ಅತ್ತು, ಕಣ್ಣು ಒರಸಿಕೊಂಡು ಬಂದೆ. ಆ ಮಧ್ಯಾಹ್ನ ಮಾವ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಆಮೇಲೆ ಪ್ರತಿ ವರ್ಷ ಹಾಗೆಯೇ ನಡೆಯಿತು. ಆ ಜೀಪಿಗೆ ಎಂಜಿನ್ ಕೂರಿಸಲು ಹಮೀದಣ್ಣನಿಗೆ ಇನ್ನೂ ಪುರಸೊತ್ತಾಗಿಲ್ಲ.

ಮಾವ ಹೋದದ್ದು ಹೋದ ವರ್ಷ, ಕಾಫಿ ಹೂವಿನ ಕಾಲದಲ್ಲಿ. ಆಗಿನ ಕಾರ್ಯಗಳೆಲ್ಲ ಕಳಸದ ಹೊಳೆ ದಂಡೆಯಲ್ಲಿ ನಡೆದವು. ಅಲ್ಲಿಯ ಕಾಗೆಗಳಿಗೆ ನಮ್ಮ ಪರಿಚಯವಿರಲಿಲ್ಲ, ಬಂದವು. ವರ್ಷ ತುಂಬಿದ ಮೇಲೆ ಇದು ಮೊದಲ ಪಿತೃಪಕ್ಷ, ನಾಳೆ ನಮ್ಮ ಹಿತ್ತಲಿನಲ್ಲಿ ಮಾವನಿಗೆ ಎಡೆ. ನಾಳೆಗೆ ಬೇಕಾದ ಎಲೆ, ಅಕ್ಕಿ, ಕಳಲೆ ಎಲ್ಲ ಹೊಂದಿಸುತ್ತಿದ್ದಾಗಲೇ ಮೂಲೆಯಿಂದ ಬಾಳೆಹಣ್ಣಿನ ವಾಸನೆ ಬಂದದ್ದು.

ದಿನದಂತೆ ಒಂದು ಹಣ್ಣು ಒಯ್ದು ಕಪ್ಪಿನಲ್ಲಿ ಇಟ್ಟು ಮಿಷನ್ನಿನ ಹತ್ತಿರ ಕೂತೆ. ಪಿಕಳಾರ ಬಂತು. ಜುಟ್ಟು ಎತ್ತಿ ಆಚೀಚೆ ನೋಡಿ ಒಂದು ಚೂರು ತಿಂದಿತು. ಅಷ್ಟರಲ್ಲಿ ಕಾಗೆ ಬಂತು. ನಾನು ಕಿಟಕಿಯಿಂದ ಕೈ ಚಾಚಿ ಕೋಲಿನಿಂದ ಚೌಕಟ್ಟಿಗೆ ಟಕ್ ಎಂದು ತಟ್ಟಿ, "ಹೋಗಾಚೆ, ನಿನ್ನ ಹೆಸ್ರಿಲ್ಲ" ಎಂದೆ.

ಹೇಳಿದ ಮೇಲೆ ಕೈಯಲ್ಲಿದ್ದ ಕೋಲನ್ನು ನೋಡಿದೆ. ಮಾವನ ಕಾಫಿ ಗಿಡದ ಕೋಲು. ಅವರು ಹೋದ ಮೇಲೆ ಅದು ಕಿಟಕಿಯ ಪಕ್ಕದಲ್ಲೇ ಒರಗಿತ್ತು. ಪಿಕಳಾರಗಳು ಸಿಪ್ಪೆ ನೋಡಿಕೊಂಡು ಹೋಗುವುದು ಕಂಡು ಯಾವತ್ತೋ ಒಂದು ದಿನ ಎತ್ತಿಕೊಂಡಿರಬೇಕು. ಆಮೇಲೆ ದಿನಾ ಎತ್ತಿದ್ದೇನೆ. ಕಲ್ಲಿನ ಮೇಲೆ ಕಾಗೆಗೆ ಇಡುತ್ತಿದ್ದ ಊಟವೂ ಮಾವನ ಜೊತೆಗೇ ನಿಂತಿತ್ತು. ಮಾವನನ್ನು ಕಂಡು ನಕ್ಕವಳು ನಾನು, ಒಂದು ವರ್ಷದಿಂದ ಅವರ ಕುರ್ಚಿಯಲ್ಲಿ ಕೂತು ಅವರದ್ದೇ ಕೆಲಸ ಮಾಡುತ್ತಿದ್ದೇನೆ. ಕಾಗೆ ಹಲಸಿನ ಮರಕ್ಕೆ ಹೋಗಿ ಕೂತು ನನ್ನನ್ನೇ ನೋಡಿತು. ಹತ್ತಿರದಲ್ಲಿ ಇನ್ನೂ ಕೆಲವು ಕೂತಿದ್ದವು. ಅವೂ ನನ್ನನ್ನೇ ನೋಡಿದವು.

ಅವುಗಳ ಜೊತೆ ಒಂದು ದಿನದಲ್ಲಿ ರಾಜಿಯಾಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಬೇಲಿಯ ಹತ್ತಿರ ಹೋಗಿ ಹಮೀದಣ್ಣನನ್ನು ಕರೆದೆ.

"ಹಮೀದಣ್ಣ, ನಾಳೆ ಬೆಳಿಗ್ಗೆ ಆ ಜೀಪು ಖಾಲಿ ಇರುತ್ತಾ?"

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮರದ ಮೇಲಿನ ಕಾಗೆಗಳನ್ನು ನೋಡಿದರು. "ಸೀಟು ಒರಸಿ ಇಡ್ತೇನೆ" ಎಂದರು.

ಅಡುಗೆಯೆಲ್ಲ ನನ್ನದೇ. ಬಡಿಸುವುದೂ ನಾನೇ. ಕರೆಯುವ ಹೊತ್ತಿಗೆ ಮಾತ್ರ ಬೇಲಿ ದಾಟಿ ಹೋಗಿ ರಸ್ತೆ ನೋಡುತ್ತಾ ಕೂರುತ್ತೇನೆ. ನಮ್ಮವರಿಗೆ ಒಂದೇ ಮಾತು ಹೇಳಿಟ್ಟಿದ್ದೇನೆ. ಬಂದರೋ ಇಲ್ಲವೋ ಎಂದಷ್ಟೇ ಹೇಳಿದರೆ ಸಾಲದು, ಮಾವ ಮೊದಲು ಏನು ತಿಂದರು ಎಂದು ಸರಿಯಾಗಿ ನೋಡಿಕೊಂಡು ಬಂದು ಹೇಳಬೇಕು.